ನಾಲೆಯ ಕೊನೆಯ ಗದ್ದೆ, ತಂತಿಯ ಕೊನೆಯ ಮನೆ

ಶಿಕಾರಿಪುರ, ಸೊರಬ ಸೀಮೆಯ ಹಳ್ಳಿಗಳಲ್ಲಿ ಹೊತ್ತು ಮುಳುಗಿದ ಮೇಲೆ ಕೇಳಿಬರುವ ಮಾತೊಂದುಂಟು: ‘ಕರೆಂಟೇನೋ ಇದೆ, ವೋಲ್ಟೇಜ್ ಇಲ್ಲ.’ ಫ್ಯಾನು ತಿರುಗುತ್ತಿರುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಮಿಕ್ಸಿ ಗುಂಯ್‌ಗುಡುತ್ತದೆ, ಚಟ್ನಿ ನುಣ್ಣಗಾಗುವುದಿಲ್ಲ. ಹಳೆಯ ಕಾಲದ ಬಲ್ಬಾದರೆ ಒಳಗಿನ ತಂತಿ ಕೆಂಪಗೆ ಕಾದಿರುತ್ತದೆ, ಪುಸ್ತಕದ ಅಕ್ಷರ ಕಾಣುವುದಿಲ್ಲ.

ಈ ಮಾತನ್ನಾಡುವ ಹಿರಿಯರಲ್ಲಿ ಅನೇಕರು ವಿಜ್ಞಾನ ಓದಿದವರಲ್ಲ. ಆದರೂ ಕರೆಂಟು ಬೇರೆ, ವೋಲ್ಟೇಜು ಬೇರೆ ಎಂಬುದು ಅವರ ಅನುಭವಕ್ಕೆ ಬಂದಿದೆ. ಅದೇ ಮನೆಯ ಹತ್ತನೇ ತರಗತಿಯ ಮಗ ಅಥವಾ ಮಗಳು ‘ವಿದ್ಯುತ್ ಪ್ರವಾಹ’, ‘ವಿಭವಾಂತರ’, ‘ರೋಧ’ ಎಂಬ ಮೂರು ಶಬ್ದಗಳನ್ನು ಪರೀಕ್ಷೆಗಾಗಿ ಉರು ಹೊಡೆಯುತ್ತಿರುತ್ತಾರೆ. ಜಗುಲಿಯ ಮಾತು ಮತ್ತು ಪುಸ್ತಕದ ಮಾತು ಒಂದೇ ಎಂದು ಇಬ್ಬರಿಗೂ ಹೊಳೆದಿರುವುದಿಲ್ಲ. ಅದು ಹೊಳೆಯಬೇಕಾದರೆ ಈ ಎರಡು ತಾಲ್ಲೂಕುಗಳಲ್ಲಿ ಒಂದು ದಿನ ಕಣ್ಣು ತೆರೆದು ಸುತ್ತಾಡಿದರೆ ಸಾಕು. ಕೆರೆ, ನಾಲೆ, ನದಿಗಳ ಈ ನಾಡಿನಲ್ಲಿ ವಿದ್ಯುತ್ತಿನ ಪಾಠ ದಾರಿಯುದ್ದಕ್ಕೂ ಹರಡಿಕೊಂಡಿದೆ.

ಅಂಜನಾಪುರದ ತೂಬು

ಹುಂಚದ ಬಳಿಯ ಬಿಲ್ಲೇಶ್ವರ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ಶಿಕಾರಿಪುರ ತಾಲ್ಲೂಕನ್ನು ಹಾದು ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಈ ನದಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಅಂಜನಾಪುರ ಜಲಾಶಯವೇ ಶಿಕಾರಿಪುರದ ಗದ್ದೆ ತೋಟಗಳಿಗೆ ಆಸರೆ. ಮಳೆಗಾಲದಲ್ಲಿ ಕೋಡಿ ಬಿದ್ದಾಗ ನೋಡಲು ಜನ ಸೇರುತ್ತಾರೆ. ವಿದ್ಯಾರ್ಥಿಗಳು ನೋಡಬೇಕಾದದ್ದು ಕೋಡಿಗಿಂತ ಹೆಚ್ಚಾಗಿ ತೂಬನ್ನು.

ತೂಬು ಮುಚ್ಚಿದೆ ಎಂದಿಟ್ಟುಕೊಳ್ಳೋಣ. ಏರಿಯ ಹಿಂದೆ ನೀರು ಎತ್ತರಕ್ಕೆ ನಿಂತಿದೆ. ಬಾಗಿಲನ್ನು ಒತ್ತುತ್ತಲೇ ಇದೆ. ನಾಲೆಯಲ್ಲಿ ಮಾತ್ರ ಹನಿ ನೀರೂ ಇಲ್ಲ. ಒತ್ತಡವಿದೆ, ಹರಿವಿಲ್ಲ. ಮನೆಯ ಗೋಡೆಯ ಮೇಲಿರುವ ಪ್ಲಗ್ ಪಾಯಿಂಟಿನ ಸ್ಥಿತಿಯೂ ಇದೇ. ಅಲ್ಲಿ 230 ವೋಲ್ಟ್ ಸದಾ ಕಾದು ನಿಂತಿರುತ್ತದೆ. ಏನನ್ನಾದರೂ ಜೋಡಿಸಿ ಸ್ವಿಚ್ ಹಾಕುವ ತನಕ ಕರೆಂಟು ಹರಿಯುವುದಿಲ್ಲ. ವೋಲ್ಟೇಜ್ ಎಂದರೆ ಈ ಕಾದು ನಿಂತ ಒತ್ತಡ, ನೀರಿನ ಮಟ್ಟದ ಎತ್ತರದಂತೆ.

ಇನ್ನು ತೂಬು ಎತ್ತಿದರೆ ನಾಲೆಯಲ್ಲಿ ನೀರು ಹರಿಯುತ್ತದೆ. ಎಷ್ಟು ಹರಿಯುತ್ತದೆ ಎಂಬುದನ್ನು ನೀರಾವರಿಯವರು ಕ್ಯೂಸೆಕ್‌ನಲ್ಲಿ ಹೇಳುತ್ತಾರೆ: ಸೆಕೆಂಡಿಗೆ ಇಷ್ಟು ಘನ ಅಡಿ ಎಂದು. ಆಂಪಿಯರ್ ಎಂಬುದೂ ಅಂಥದೇ ಲೆಕ್ಕ. ತಂತಿಯ ಒಂದು ಜಾಗವನ್ನು ಒಂದು ಸೆಕೆಂಡಿನಲ್ಲಿ ಎಷ್ಟು ವಿದ್ಯುದಂಶ ದಾಟಿತು ಎಂಬುದೇ ಕರೆಂಟು. ಒಂದು ಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 62 ಸಾವಿರ ಕೋಟಿ ಕೋಟಿ ಇಲೆಕ್ಟ್ರಾನುಗಳು.

ನಾಲೆಯ ಹರಿವು ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು, ಜಲಾಶಯದಲ್ಲಿ ನೀರಿನ ಎತ್ತರ. ಇನ್ನೊಂದು, ದಾರಿಯ ಅಡಚಣೆ. ತೂಬು ಕಿರಿದಾಗಿದ್ದರೆ, ನಾಲೆಯಲ್ಲಿ ಹೂಳು, ಜೊಂಡು ತುಂಬಿದ್ದರೆ ನೀರು ಕಡಿಮೆ. ಬೇಸಿಗೆಯ ಕೊನೆಯಲ್ಲಿ ಮಟ್ಟ ಇಳಿದಾಗ ತೂಬನ್ನು ಪೂರ್ತಿ ಎತ್ತಿದರೂ ನೀರು ಕಡಿಮೆ. ತಂತಿಯ ಅಡಚಣೆಗೆ ‘ರೋಧ’ ಎಂದು ಹೆಸರು; ಅದನ್ನು ಅಳೆಯುವುದು ಓಮ್‌ಗಳಲ್ಲಿ. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇಷ್ಟೇ. ಅದರ ಹೋಲಿಕೆಯನ್ನು ಅಂಜನಾಪುರದ ನೀರುಗಂಟಿಯೂ ಬಲ್ಲ.

ಜೋಗದಿಂದ ಬರುವ ದಾರಿ

ಶಿಕಾರಿಪುರದ ಕಡೆಗೆ ಬರುವ ದೊಡ್ಡ ಲೈನುಗಳು ಎತ್ತರದ ಕಬ್ಬಿಣದ ಗೋಪುರಗಳ ಮೇಲೆ ಸಾಗುತ್ತವೆ. ಊರೊಳಗಿನ ತಂತಿಗೆ ಕಂಬ ಸಾಕಾಗುವಾಗ ಇದಕ್ಕೇಕೆ ಗೋಪುರ? ಉತ್ತರ ಹುಡುಕಲು ಪಕ್ಕದ ಸಾಗರ ತಾಲ್ಲೂಕಿನತ್ತ ನೋಡಬೇಕು.

ಜೋಗದಲ್ಲಿ ಶರಾವತಿ 253 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಆ ಎತ್ತರದಿಂದ ಸಾವಿರ ಲೀಟರ್ ನೀರು ಇಳಿದರೆ ಅದರಿಂದ ಹೆಚ್ಚೆಂದರೆ 0.69 ಯೂನಿಟ್ ವಿದ್ಯುತ್ ತೆಗೆಯಬಹುದು. ಅದೇ ಸಾವಿರ ಲೀಟರ್ ಒಂದು ಕೆರೆಯ ಏರಿಯಿಂದ ಐದು ಮೀಟರ್ ಇಳಿದರೆ ಯೂನಿಟ್ಟಿನ ನೂರರಲ್ಲಿ ಒಂದೂವರೆ ಪಾಲನ್ನೂ ಮೀರುವುದಿಲ್ಲ. ನೀರು ಅಷ್ಟೇ, ಎತ್ತರ ಬೇರೆ. ವೋಲ್ಟೇಜಿನ ಅರ್ಥವೂ ಇದರಲ್ಲೇ ಇದೆ: ಪ್ರತಿಯೊಂದು ಪಾಲು ವಿದ್ಯುದಂಶವೂ ಎಷ್ಟು ಕೆಲಸ ಮಾಡಬಲ್ಲದು ಎಂಬುದರ ಅಳತೆ ಅದು.

ಜೋಗದಲ್ಲಿ 1948ರಲ್ಲಿ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಆರಂಭವಾಯಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಬೆಳೆದ ಶರಾವತಿ ವಿದ್ಯುದಾಗಾರದಲ್ಲಿ ಇಂದು 103.5 ಮೆಗಾವಾಟ್‌ನ ಹತ್ತು ಯಂತ್ರಗಳಿವೆ. ಅಲ್ಲಿನ ಜನರೇಟರುಗಳು ವಿದ್ಯುತ್ತನ್ನು ಉತ್ಪಾದಿಸುವುದು 11 ಸಾವಿರ ವೋಲ್ಟಿನಲ್ಲಿ. ಹೊರಗೆ ಕಳಿಸುವಾಗ ಅದನ್ನು 2 ಲಕ್ಷ 20 ಸಾವಿರ ವೋಲ್ಟಿಗೆ ಏರಿಸುತ್ತಾರೆ. ಮನೆಗೆ ಬೇಕಾದದ್ದು 230. ಹಾಗಾದರೆ ಇಷ್ಟು ಏರಿಸಿ ಮತ್ತೆ ಇಳಿಸುವ ಉಸಾಬರಿ ಏಕೆ?

ಒಂದು ಲೆಕ್ಕ ಮಾಡೋಣ. ಒಂದು ಊರಿಗೆ 100 ಕಿಲೋವಾಟ್ ಶಕ್ತಿ ಬೇಕಾಗಿದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್. 230 ವೋಲ್ಟಿನಲ್ಲಿ ಕಳಿಸಿದರೆ ತಂತಿಯಲ್ಲಿ ಸುಮಾರು 435 ಆಂಪಿಯರ್ ಹರಿಯಬೇಕು. 11 ಸಾವಿರ ವೋಲ್ಟಿನಲ್ಲಾದರೆ 9 ಆಂಪಿಯರ್ ಸಾಕು. 1 ಲಕ್ಷ 10 ಸಾವಿರದಲ್ಲಾದರೆ ಒಂದು ಆಂಪಿಯರೂ ಬೇಡ. ತಂತಿ ಬಿಸಿಯಾಗಿ ಶಕ್ತಿ ಪೋಲಾಗುವುದು ಆಂಪಿಯರಿನ ವರ್ಗಕ್ಕೆ ತಕ್ಕಂತೆ. ಕರೆಂಟು ಅರ್ಧವಾದರೆ ನಷ್ಟ ಕಾಲುಭಾಗ. ಹಾಗಾಗಿ ಅದೇ ತಂತಿಯಲ್ಲಿ 230 ವೋಲ್ಟಿನ ಬದಲು 11 ಸಾವಿರ ವೋಲ್ಟಿನಲ್ಲಿ ಕಳಿಸಿದರೆ ನಷ್ಟ ಸುಮಾರು 2,300 ಪಾಲು ಕಡಿಮೆ. ವೋಲ್ಟೇಜ್ ಹೆಚ್ಚಿದಷ್ಟೂ ಮಿಂಚಿನಂತೆ ಹಾರುವ ಭಯ ಹೆಚ್ಚು. ಅದಕ್ಕೇ ಎತ್ತರದ ಗೋಪುರ, ಉದ್ದನೆಯ ಪಿಂಗಾಣಿ ಬಿಲ್ಲೆಗಳ ಸರ.

ಈ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋದದ್ದು ಹೆಚ್ಚಿನ ವೋಲ್ಟೇಜಿನ ಲೈನಿನಿಂದಲೇ. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನುಗಳಲ್ಲೊಂದು.

ತಾಳಗುಂದದ ಕಂಬ, ತಾಳಗುಂದದ ಕೆರೆ

ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆ ಹೊರಟರೆ ಬಳ್ಳಿಗಾವಿ, ತಾಳಗುಂದಗಳು ಸಿಗುತ್ತವೆ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯವನ್ನು ನೋಡಲು ಬರುವವರು ತಾಳಗುಂದಕ್ಕೂ ಹೋಗಿಬರುವುದು ವಾಡಿಕೆ. ಅಲ್ಲಿ ಪ್ರಣವೇಶ್ವರ ದೇವಾಲಯದ ಎದುರು ಕದಂಬರ ಕಾಲದ ಕಲ್ಲಿನ ಕಂಬ ನಿಂತಿದೆ. ಐದನೆಯ ಶತಮಾನದ ಈ ಸಂಸ್ಕೃತ ಶಾಸನದಲ್ಲಿ ಮಯೂರಶರ್ಮನ ಕಥೆ ಇದೆ ಎಂದು ಇತಿಹಾಸದ ಪುಸ್ತಕಗಳಲ್ಲಿ ಓದಿರುತ್ತೇವೆ. ಆದರೆ ಶಾಸನ ಹೇಳಹೊರಟ ಮುಖ್ಯ ವಿಷಯ ಒಂದು ಕೆರೆ. ಕಾಕುಸ್ಥವರ್ಮ ಇಲ್ಲಿನ ಶಿವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ಕವಿ ಕುಬ್ಜ ಪದ್ಯದಲ್ಲಿ ರಚಿಸಿ, ಶಾಂತಿವರ್ಮನ ಕಾಲದಲ್ಲಿ ಕಲ್ಲಿನ ಮೇಲೆ ತಾನೇ ಕೆತ್ತಿದ. ಸಾವಿರದ ಐನೂರು ವರ್ಷಗಳ ಹಿಂದೆಯೂ ಈ ಸೀಮೆಯ ದೊಡ್ಡ ಸುದ್ದಿ ನೀರೇ ಆಗಿತ್ತು.

ಈಗಲೂ ಹಾಗೆಯೇ. ಅರೆಮಲೆನಾಡಿನ ಈ ಊರುಗಳಲ್ಲಿ ಮಳೆ ಕೈಕೊಟ್ಟರೆ ಕೆರೆ ತುಂಬುವುದಿಲ್ಲ. ಆದ್ದರಿಂದಲೇ ತುಂಗಭದ್ರೆಯಿಂದ ನೀರೆತ್ತಿ ಶಿಕಾರಿಪುರ ತಾಲ್ಲೂಕಿನ ಕೆರೆಗಳಿಗೆ ಹರಿಸಲು ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ ಯೋಜನೆ ರೂಪುಗೊಂಡಿತು. ಸೊರಬದ ಕಡೆ ವರದಾ ನದಿಯ ನೀರಿಗಾಗಿ ಮೂಡಿ ಏತ ನೀರಾವರಿ ಯೋಜನೆ ಬಂತು. ಜೋಗದಲ್ಲಿ ಇಳಿಯುವ ನೀರು ವೋಲ್ಟೇಜನ್ನು ಕೊಡುತ್ತದೆ. ಇಲ್ಲಿ ವೋಲ್ಟೇಜು ಖರ್ಚಾಗಿ ನೀರು ಮೇಲೇರುತ್ತದೆ. ಪಾಠದ ಪುಸ್ತಕದಲ್ಲಿ ‘ಶಕ್ತಿಯ ರೂಪಾಂತರ’ ಎಂದು ಒಂದೇ ಸಾಲಿನಲ್ಲಿ ಬರುವುದು ಒಂದೇ ಜಿಲ್ಲೆಯೊಳಗೆ ಎರಡು ದಿಕ್ಕಿನಲ್ಲೂ ನಡೆಯುತ್ತಿದೆ. ಸಾವಿರ ಲೀಟರ್ ನೀರನ್ನು 30 ಮೀಟರ್ ಎತ್ತಲು ಕನಿಷ್ಠ 0.08 ಯೂನಿಟ್ ಬೇಕು. ಪಂಪು, ಪೈಪುಗಳಲ್ಲಿ ಆಗುವ ನಷ್ಟ ಸೇರಿದರೆ ಇನ್ನೂ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜೋಗದ ಇಲೆಕ್ಟ್ರಾನು ತಾಳಗುಂದಕ್ಕೆ ಪ್ರಯಾಣ ಮಾಡಿ ಬರುವುದಿಲ್ಲ. ನಮ್ಮ ಲೈನುಗಳಲ್ಲಿರುವುದು ಪರ್ಯಾಯ ವಿದ್ಯುತ್ತು. ತಂತಿಯೊಳಗಿನ ಇಲೆಕ್ಟ್ರಾನುಗಳು ಸೆಕೆಂಡಿಗೆ 50 ಬಾರಿ ಇದ್ದಲ್ಲೇ ಹಿಂದೆ ಮುಂದೆ ತೂಗಾಡುತ್ತವೆ. ಉದ್ದನೆಯ ಗರಗಸವನ್ನು ಇಬ್ಬರು ಆಚೀಚೆ ಎಳೆದಾಗ ಗರಗಸ ಎಲ್ಲಿಗೂ ಹೋಗುವುದಿಲ್ಲ, ಮರ ಮಾತ್ರ ಕೊಯ್ದು ಬೀಳುತ್ತದೆ. ಹಾಗೆಯೇ ಇದು. ಇನ್ನೊಂದು ವ್ಯತ್ಯಾಸವೂ ಉಂಟು. ನಾಲೆಯ ನೀರು ಗದ್ದೆಗೆ ಹೋದರೆ ಮುಗಿಯಿತು, ಮರಳಿ ಬರಬೇಕಿಲ್ಲ. ಕರೆಂಟಿಗೆ ಹೋಗುವ ದಾರಿಯಂತೆ ಮರಳುವ ದಾರಿಯೂ ಬೇಕು. ಮನೆಗೆ ಫೇಸ್ ಜೊತೆಗೆ ನ್ಯೂಟ್ರಲ್ ತಂತಿ ಬರುವುದು ಅದಕ್ಕಾಗಿ.

ಕೊನೆಯ ಮನೆಯ ಕಷ್ಟ

ನಾಲೆಯ ಮೇಲ್ಭಾಗದ ರೈತರು ನೀರು ತಿರುಗಿಸಿಕೊಂಡರೆ ಕೊನೆಭಾಗದ ಗದ್ದೆ ಒಣಗುತ್ತದೆ. ಅಚ್ಚುಕಟ್ಟು ಇದ್ದಲ್ಲೆಲ್ಲ ಇರುವ ತಕರಾರು ಇದು. ಸೊರಬದ ಕಡೆ ಹೋದರೆ ತಂತಿಗೂ ಇದೇ ತಕರಾರು ಇರುವುದು ಕಾಣುತ್ತದೆ.

ಸೊರಬ ತಾಲ್ಲೂಕು ಮಲೆನಾಡಿನ ಸೆರಗು. ಗದ್ದೆಯ ಬಯಲು, ಅಡಿಕೆ ತೋಟ, ನಡುವೆ ಕಾಡು. ಮನೆಗಳು ಅಲ್ಲೊಂದು ಇಲ್ಲೊಂದು. ರಸ್ತೆಯ ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರು ನಿಂತಿರುತ್ತದೆ. ರೈತರ ಬಾಯಲ್ಲಿ ಅದು ಟಿ.ಸಿ. ಅಲ್ಲಿಗೆ 11 ಸಾವಿರ ವೋಲ್ಟ್ ಬಂದು, ಮನೆಗೆ ತಕ್ಕ ಮಟ್ಟಕ್ಕೆ ಇಳಿಯುತ್ತದೆ. ಅಲ್ಲಿಂದ ಕೊನೆಯ ಮನೆಗೆ ಕಂಬದಿಂದ ಕಂಬಕ್ಕೆ ತಂತಿ ಸಾಗುತ್ತದೆ.

ಒಂದು ಕಿಲೋಮೀಟರ್ ಆಚೆ ಒಂದು ಮನೆ ಇದೆ, ಹೋಗುವ ಬರುವ ತಂತಿಗಳ ರೋಧ ಒಟ್ಟು 1 ಓಮ್ ಎಂದುಕೊಳ್ಳೋಣ. ಮಧ್ಯರಾತ್ರಿ ಆ ತಂತಿಯಲ್ಲಿ 5 ಆಂಪಿಯರ್ ಹರಿಯುತ್ತಿದ್ದರೆ ದಾರಿಯಲ್ಲಿ ಖರ್ಚಾಗುವುದು 5 ವೋಲ್ಟ್ ಮಾತ್ರ. ಮನೆಗೆ 225 ತಲುಪುತ್ತದೆ. ಸಂಜೆ ಏಳು ಗಂಟೆಗೆ ಕೊನೆಯ ಭಾಗದ ಮನೆಗಳೆಲ್ಲ ಸೇರಿ 40 ಆಂಪಿಯರ್ ಎಳೆದರೆ 40 ವೋಲ್ಟ್ ದಾರಿಯಲ್ಲೇ ಹೋಯಿತು. ಉಳಿದದ್ದು 190. ಟಿ.ಸಿ.ಯ ಪಕ್ಕದ ಮನೆಯವರಿಗೆ ಇದರ ಸುಳಿವೂ ಇರುವುದಿಲ್ಲ. ‘ಕರೆಂಟಿದೆ, ವೋಲ್ಟೇಜಿಲ್ಲ’ ಎಂಬ ಮಾತಿನ ಪೂರ್ಣ ಅರ್ಥ ಇದು: ಕರೆಂಟು ಹೆಚ್ಚು ಹರಿದದ್ದರಿಂದಲೇ ವೋಲ್ಟೇಜು ದಾರಿಯಲ್ಲಿ ಸವೆದಿದೆ.

ಎಲ್‌ಇಡಿ ದೀಪಗಳು ಬಂದ ಮೇಲೆ ಓದುವ ಮಕ್ಕಳ ಕಷ್ಟ ಕಡಿಮೆಯಾಗಿದೆ. ಹಿಂದಿನ 60 ವಾಟ್ ಬಲ್ಬು 180 ವೋಲ್ಟಿಗೆ ಇಳಿದರೆ ಅರ್ಧ ಬೆಳಕನ್ನೂ ಕೊಡುತ್ತಿರಲಿಲ್ಲ. ಈಗಿನ 9 ವಾಟ್ ಎಲ್‌ಇಡಿ ಬಲ್ಬು ವೋಲ್ಟೇಜ್ ತುಸು ಇಳಿದರೂ ಸಾಮಾನ್ಯವಾಗಿ ಬೆಳಕು ಬಿಡುವುದಿಲ್ಲ. ಎಳೆಯುವ ಕರೆಂಟೂ ಕಡಿಮೆ. ಆದರೆ ಪಂಪಿನ ಮೋಟಾರಿಗೆ ಇಂಥ ಉಪಾಯವಿಲ್ಲ. ನೀರನ್ನು ಎತ್ತಲೇಬೇಕಾದ ಮೋಟಾರು ವೋಲ್ಟೇಜ್ ಇಳಿದಾಗ ಕರೆಂಟನ್ನು ಹೆಚ್ಚು ಎಳೆಯುತ್ತದೆ. ಹೆಚ್ಚಿನ ಕರೆಂಟಿಗೆ ಸುರುಳಿ ಕಾಯುತ್ತದೆ, ಕೊನೆಗೆ ಸುಡುತ್ತದೆ. ಮೋಟಾರು ರಿವೈಂಡಿಂಗ್ ಅಂಗಡಿಗೆ ರೈತ ಕೊಡುವ ದುಡ್ಡಿನ ಹಿಂದೆ ಈ ಲೆಕ್ಕವಿರುತ್ತದೆ.

ಟಿ.ಸಿ.ಯೂ ಹೀಗೆಯೇ. 25 ಕೆ.ವಿ.ಎ. ಟಿ.ಸಿ. ಪ್ರತಿ ಫೇಸಿಗೆ ಕೊಡಬಲ್ಲದ್ದು ಸುಮಾರು 33 ಆಂಪಿಯರ್. ಐದು ಎಚ್.ಪಿ. ಪಂಪು ಒಂದು ಫೇಸಿನಿಂದ ಸುಮಾರು 7 ಆಂಪಿಯರ್ ಎಳೆಯುತ್ತದೆ. ನಾಲ್ಕು ಪಂಪಿಗೆ ಅದು ಸಾಕು. ‘ನಮ್ಮದೊಂದು ಇರಲಿ’ ಎಂದು ಹೇಳದೆ ಕೇಳದೆ ಇನ್ನೆರಡು ಸೇರಿದರೆ 42 ಆಂಪಿಯರ್. ಟಿ.ಸಿ. ಸುಟ್ಟರೆ ಆರು ತೋಟವೂ ಒಣಗುತ್ತದೆ. ಮೇಲಿನ ಗದ್ದೆಯವನು ರಾತ್ರಿ ತೂಬು ಎತ್ತಿಕೊಂಡಂತೆ ಇದು. ಆದರೆ ಇಲ್ಲಿ ಎತ್ತಿಕೊಂಡವನಿಗೂ ನೀರಿಲ್ಲ. ಹಳ್ಳಿಯ ಮನೆಗಳ ಲೈನನ್ನೂ ಪಂಪ್‌ಸೆಟ್ಟುಗಳ ಲೈನನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯ ಉದ್ದೇಶವೂ ಮನೆಗೊಂದು ನಾಲೆ, ಹೊಲಕ್ಕೊಂದು ನಾಲೆ ಮಾಡುವುದೇ ಆಗಿತ್ತು.

ಗುಡವಿಯ ಹಕ್ಕಿಗಳು ಕಲಿಸುವುದು

ಸೊರಬದಿಂದ ಬನವಾಸಿ ಕಡೆಯ ದಾರಿಯಲ್ಲಿ ಗುಡವಿ ಪಕ್ಷಿಧಾಮವಿದೆ. ಮಳೆಗಾಲದಲ್ಲಿ ಕೆರೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಮಕ್ಕಳು ಕೇಳುವ ಹಳೆಯ ಪ್ರಶ್ನೆಗೆ ಇದು ತಕ್ಕ ಜಾಗ: ತಂತಿಯ ಮೇಲೆ ಕೂತ ಹಕ್ಕಿಗೆ ಶಾಕ್ ಏಕೆ ಹೊಡೆಯುವುದಿಲ್ಲ?

ಬೇಸಿಗೆಯಲ್ಲಿ ಲಿಂಗನಮಕ್ಕಿಯ ಮಟ್ಟ ಇಷ್ಟು ಅಡಿಗೆ ಇಳಿಯಿತು, ಮಳೆಗಾಲದಲ್ಲಿ ಗರಿಷ್ಠ 1,819 ಅಡಿಗೆ ಇನ್ನು ಇಷ್ಟೇ ಬಾಕಿ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಅದು ಸಮುದ್ರಮಟ್ಟದಿಂದ ಅಳೆದ ಎತ್ತರ. ಯಂತ್ರ ತಿರುಗಿಸುವುದು ಮೇಲಿನ ಮಟ್ಟ ಮತ್ತು ಕೆಳಗಿನ ಮಟ್ಟಗಳ ವ್ಯತ್ಯಾಸ. ವೋಲ್ಟೇಜಿಗೆ ಪುಸ್ತಕದಲ್ಲಿ ‘ವಿಭವಾಂತರ’ ಎಂದು ಹೆಸರಿಟ್ಟದ್ದು ಇದಕ್ಕೇ. ಅಂತರವಿದ್ದರೆ ಮಾತ್ರ ಹರಿವು. ಹಕ್ಕಿಯ ಎರಡು ಕಾಲೂ ಒಂದೇ ತಂತಿಯ ಮೇಲೆ, ಒಂದೇ ಮಟ್ಟದಲ್ಲಿವೆ. ಅಂತರವಿಲ್ಲ, ಆದ್ದರಿಂದ ಅದರ ಮೈಯಲ್ಲಿ ಹೇಳಿಕೊಳ್ಳುವಂಥ ಕರೆಂಟು ಹರಿಯುವುದಿಲ್ಲ. ರೆಕ್ಕೆ ಅಗಲಿಸಿದ ದೊಡ್ಡ ಹಕ್ಕಿ ಎರಡು ತಂತಿಗಳನ್ನು ಒಮ್ಮೆಗೇ ಮುಟ್ಟಿದರೆ ಸಾಯುತ್ತದೆ.

ಮನುಷ್ಯ ನಿಂತಿರುವುದು ನೆಲದ ಮೇಲೆ. ನೆಲವನ್ನು ಸೊನ್ನೆ ವೋಲ್ಟ್ ಎಂದು ಎಣಿಸುತ್ತಾರೆ. ಆದ್ದರಿಂದ ಒಂದೇ ತಂತಿ ಮುಟ್ಟಿದರೂ ಅವನ ಕೈಗೂ ಕಾಲಿಗೂ ನಡುವೆ 230 ವೋಲ್ಟಿನ ಅಂತರ. ಒದ್ದೆ ಮೈಯ ರೋಧ ಸುಮಾರು ಸಾವಿರ ಓಮ್‌ಗೆ ಇಳಿಯಬಹುದು, ಆಗ 0.23 ಆಂಪಿಯರ್ ಹರಿಯುತ್ತದೆ. ಎದೆಯ ಮೂಲಕ ಹಾದರೆ ಅದರ ಒಂದು ಸಣ್ಣ ಪಾಲೂ ಪ್ರಾಣ ತೆಗೆಯಬಲ್ಲದು. ಮನೆಗೆ ಹಾಕಿಸುವ ಶಾಕ್ ತಡೆಯುವ ಸ್ವಿಚ್ಚು 0.03 ಆಂಪಿಯರ್ ಸೋರಿದರೂ ಕರೆಂಟು ಕಡಿದುಹಾಕುವಂತೆ ಇರುವುದು ಇದೇ ಕಾರಣಕ್ಕೆ. ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿ ನೂರಾರು ಆಂಪಿಯರ್ ಕೊಡಬಲ್ಲದು, ಆದರೆ ಅಷ್ಟು ಕಡಿಮೆ ಒತ್ತಡಕ್ಕೆ ಮೈಯೊಳಗೆ ಅದನ್ನು ನುಗ್ಗಿಸುವ ತಾಕತ್ತಿಲ್ಲ. ಕೊಲ್ಲುವುದು ಕರೆಂಟು, ಅದನ್ನು ಮೈಯೊಳಗೆ ದೂಡುವುದು ವೋಲ್ಟೇಜು.

ಮಲೆನಾಡಿನ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವುದು ಹೊಸದಲ್ಲ. ತಂತಿ ಗದ್ದೆಯಲ್ಲಿ ಬಿದ್ದರೆ, ಬಿದ್ದ ಜಾಗದಲ್ಲಿ ವೋಲ್ಟೇಜ್ ಹೆಚ್ಚಿದ್ದು ದೂರ ಹೋದಂತೆ ಇಳಿಯುತ್ತದೆ, ಗುಡ್ಡದ ನೆತ್ತಿಯಿಂದ ಇಳಿಜಾರಿನಂತೆ. ಹತ್ತಿರ ನಡೆಯುವವನ ಒಂದು ಕಾಲು ಇಳಿಜಾರಿನ ಮೇಲೆ, ಇನ್ನೊಂದು ಕೆಳಗೆ. ಹೆಜ್ಜೆ ದೊಡ್ಡದಾದಷ್ಟೂ ಅಂತರ ಹೆಚ್ಚು. ಮುಂಗಾಲು ಹಿಂಗಾಲುಗಳ ನಡುವೆ ದೂರವಿರುವ ದನಗಳು ಇಂಥಲ್ಲಿ ಬೇಗ ಬಲಿಯಾಗುತ್ತವೆ. ಬಿದ್ದ ತಂತಿಯ ಹತ್ತಿರ ಯಾರೂ ಹೋಗಬಾರದು. ಹತ್ತಿರ ಸಿಕ್ಕಿಕೊಂಡವರು ಕಾಲು ಜೋಡಿಸಿ, ಪಾದ ಎತ್ತದೆ ಸಣ್ಣಗೆ ಸರಿಸುತ್ತಾ ದೂರ ಬರಬೇಕು. ಮೆಸ್ಕಾಂಗೆ 1912 ಸಂಖ್ಯೆಗೆ ಕರೆ ಮಾಡಬೇಕು. ಮೆಕ್ಕೆಜೋಳದ ಹೊಲಕ್ಕೆ ಹಂದಿ ಬಾರದಿರಲಿ ಎಂದು ಬೇಲಿಗೆ ಮನೆಯ ಲೈನ್ ಕೊಡುವುದಂತೂ ಅಪರಾಧ. ಸೌರ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಅದು ಕ್ಷಣಮಾತ್ರದ ತಟ್ಟು, ಬೆದರಿಸಿ ಬಿಡುತ್ತದೆ. ಮನೆಯ ಲೈನು ಬಿಡದೆ ಹರಿಯುತ್ತದೆ. ರಾತ್ರಿ ನೀರು ಕಟ್ಟಲು ಹೋದವನನ್ನೇ ಅದು ಕೊಲ್ಲಬಹುದು.

ಮಾತಿಗಿಂತ ಅಂಕಿ ಮೇಲು

ಇಷ್ಟು ತಿಳಿದ ವಿದ್ಯಾರ್ಥಿ ಮನೆಯವರಿಗೆ ನೆರವಾಗಬಲ್ಲ. ತಂತಿ, ಫ್ಯೂಸು, ಟಿ.ಸಿ. ಮುಟ್ಟುವ ಕೆಲಸ ಅವನದಲ್ಲ, ಅಪ್ಪನದೂ ಅಲ್ಲ. ಅದು ಲೈನ್‌ಮನ್‌ ಮಾಡಬೇಕಾದ್ದು. ಆದರೆ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ವೋಲ್ಟ್‌ಮೀಟರ್ ಇರುತ್ತದೆ. ಫ್ರಿಜ್ಜಿನ ಸ್ಟೆಬಿಲೈಸರಿನಲ್ಲೂ ಅಂಕಿ ಕಾಣುತ್ತದೆ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ಸಂಜೆ ಏಳು, ರಾತ್ರಿ ಹತ್ತು ಗಂಟೆಗೆ ಒಂದು ವಾರ ಆ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಅದು ಶಾಲೆಯ ಪ್ರಾಜೆಕ್ಟೂ ಆಯಿತು, ಮನೆಯ ದಾಖಲೆಯೂ ಆಯಿತು. ವಿದ್ಯುತ್ ಪೂರೈಕೆಯ ನಿಯಮಗಳಲ್ಲಿ ಮನೆಯ ವೋಲ್ಟೇಜು ಹೇಳಿದ ಮಟ್ಟಕ್ಕಿಂತ ಶೇಕಡಾ 6ರಷ್ಟು ಮಾತ್ರ ಏರಿಳಿಯಬಹುದು ಎಂಬ ಮಿತಿ ಬಹುಕಾಲದಿಂದ ಇದೆ. 230ಕ್ಕೆ ಲೆಕ್ಕ ಹಾಕಿದರೆ ಸುಮಾರು 216ರಿಂದ 244.

‘ವೋಲ್ಟೇಜ್ ಇಲ್ಲ ಸಾರ್’ ಎಂದು ಸೆಕ್ಷನ್ ಆಫೀಸಿನಲ್ಲಿ ಹೇಳುವವರು ಬಹಳ ಮಂದಿ. ‘ಟಿ.ಸಿ.ಯಿಂದ ಒಂದು ಕಿಲೋಮೀಟರ್ ದೂರದ ನಮ್ಮ ಮನೆಯಲ್ಲಿ ಏಳು ದಿನವೂ ಸಂಜೆ ಏಳಕ್ಕೆ 190 ದಾಟಿಲ್ಲ, ರಾತ್ರಿ ಹತ್ತಕ್ಕೆ 225 ಇತ್ತು’ ಎಂದು ಬರೆದುಕೊಟ್ಟ ಅರ್ಜಿಯ ತೂಕವೇ ಬೇರೆ. ತಂತಿ ದಪ್ಪವಾಗಬೇಕೋ, ಹೊರೆ ಮೂರು ಫೇಸಿಗೂ ಸಮನಾಗಿ ಹಂಚಬೇಕೋ, ಹತ್ತಿರದಲ್ಲಿ ಇನ್ನೊಂದು ಟಿ.ಸಿ. ಬೇಕೋ ಎಂದು ಎಂಜಿನಿಯರ್ ಯೋಚಿಸಲು ಆ ಅಂಕಿಗಳು ದಾರಿ ತೋರುತ್ತವೆ. ಕೊನೆಯ ಗದ್ದೆಗೆ ನೀರು ಬರಬೇಕಾದರೆ ನಾಲೆಯ ಲೆಕ್ಕ ಬಲ್ಲವನೊಬ್ಬ ಅಲ್ಲಿರಬೇಕು. ಕೊನೆಯ ಮನೆಗೆ ವೋಲ್ಟೇಜು ಬರಬೇಕಾದರೂ ಅಷ್ಟೇ. ಆ ಲೆಕ್ಕ ಹತ್ತನೇ ತರಗತಿಯ ಪುಸ್ತಕದಲ್ಲಿ ಆಗಲೇ ಇದೆ.